ನಮ್ಮ ಮನೆಗೆ ಆಗಿಬಾರದ ಕಜ್ಜಾಯ

ಕಜ್ಜಾಯಕ್ಕೋಸ್ಕರ ನಾನು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದೇನೆ ಅಂದರೆ ನನ್ನ ಮಕ್ಕಳು ನಗುತ್ತಾರೆ. ಸಕ್ಕರೆ ಕಾಯಿಲೆ ಬಂದ ಮೇಲೆ ವಾರಕ್ಕೊಂದಾದರೂ ಹೇಳುತ್ತೀಯಲ್ಲಮ್ಮ, ಬೇಕರಿ ಕವರು ಬೀರುವಿನ ಸೀರೆಗಳ ಅಡಿಯಲ್ಲಿ ಸಿಗುತ್ತದಲ್ಲ ಎನ್ನುತ್ತಾರೆ. ಅದು ಬೇರೆ ಲೆಕ್ಕ. ಆ ಸುಳ್ಳಿನಿಂದ ಕೆಡುವುದು ನನ್ನ ಮೈ ಮಾತ್ರ. ನಾನು ಹೇಳುತ್ತಿರುವುದು ಹತ್ತು ವರ್ಷದವಳಾಗಿದ್ದಾಗ ಹೇಳಿದ ಸುಳ್ಳು. ಅದರಿಂದ ನನ್ನ ಚಿಕ್ಕಮ್ಮನ ಸಂಸಾರವೇ ಮುರಿದುಹೋಗುವುದರಲ್ಲಿತ್ತು. ನಮ್ಮ ಮನೆಯಲ್ಲಿ ಯಾರು ಎಂಥವರು ಅನ್ನುವುದು ನನಗೆ ಗೊತ್ತಾಗಿದ್ದೂ ಆ ಎಂಟು ದಿನಗಳಲ್ಲೇ, ನಾನು ಎಂಥವಳು ಅನ್ನುವುದೂ ಸೇರಿಸಿ.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮನೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ, ಇವೆಲ್ಲದರ ತಲೆಯ ಮೇಲೆ ಉದ್ದಕ್ಕೂ ಹಲಗೆ ಹಾಸಿದ ಅಟ್ಟ. ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿದರೆ ಅದು ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅಂದಾಗ ಕೊಬ್ಬರಿಯಾಯಿತು ಅಂತ. ನಮ್ಮ ಬಟ್ಟೆ, ಹಾಸಿಗೆ, ಸ್ಕೂಲಿನ ಪುಸ್ತಕ ಎಲ್ಲವೂ ಕೊಬ್ಬರಿ ವಾಸನೆಯವೇ. ಹಬ್ಬ ಬಂತೆಂದರೆ ಅಮ್ಮ ಕೊಬ್ಬರಿ ತುರಿದು, ಸಕ್ಕರೆ, ಗಸಗಸೆ, ಏಲಕ್ಕಿ ಬೆರೆಸಿ ಕರ್ಜಿಕಾಯಿ ಮಾಡುತ್ತಿದ್ದಳು. ಗೌರಿಗೂ ಕರ್ಜಿಕಾಯಿ, ದೀಪಾವಳಿಗೂ ಕರ್ಜಿಕಾಯಿ. ನನಗಂತೂ ಅದನ್ನು ನೋಡಿದರೆ ಸಾಕು ಸಿಟ್ಟು ಬರುತ್ತಿತ್ತು. ಬೀದಿಯವರೆಲ್ಲ ದೀಪಾವಳಿಗೆ ಕಜ್ಜಾಯ ಮಾಡುತ್ತಿದ್ದರು. ಅಕ್ಕಿ ಹಿಟ್ಟು ಬೆಲ್ಲದ ಪಾಕ ಸೇರಿ ಎಣ್ಣೆಯಲ್ಲಿ ಬೇಯುವ ಆ ವಾಸನೆ ನಮ್ಮ ಮನೆಯೊಳಗೂ ಬರುತ್ತಿತ್ತು, ಕಜ್ಜಾಯ ಮಾತ್ರ ಬೇರೆಯವರ ಮನೆಯಿಂದ ತಟ್ಟೆಯಲ್ಲಿ ಬರಬೇಕಿತ್ತು. ತಟ್ಟೆಗೆ ಆರು ಅಥವಾ ಎಂಟು, ಅದರಲ್ಲಿ ನನ್ನ ಪಾಲಿಗೆ ಒಂದೋ ಒಂದೂವರೆಯೋ.

ಯಾಕೆ ಮಾಡುವುದಿಲ್ಲ ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಒಂದೇ. ಕಜ್ಜಾಯ ನಮ್ಮ ಮನೆಗೆ ಆಗಿಬರಲ್ಲ. ತಿನ್ನಬಹುದು, ಮಾಡುವ ಹಾಗಿಲ್ಲ. ಹಿಂದೆ ಯಾವಾಗಲೋ ಕಜ್ಜಾಯಕ್ಕೆ ಬಾಣಲೆ ಇಟ್ಟ ದಿನ ಮನೆಯಲ್ಲಿ ಒಂದು ಸಾವಾಯಿತಂತೆ. ಸತ್ತವರು ಯಾರು ಅನ್ನುವುದು ಮಾತ್ರ ಹೇಳುವವರಿಗೆ ತಕ್ಕ ಹಾಗೆ ಬದಲಾಗುತ್ತಿತ್ತು. ಅಪ್ಪ ಮುತ್ತಜ್ಜನ ತಮ್ಮ ಎನ್ನುತ್ತಿದ್ದರು. ಅಪ್ಪನ ಅಕ್ಕ ಗಿರಿಜತ್ತೆ, ಬಾಣಾವರಕ್ಕೆ ಕೊಟ್ಟಿದ್ದವಳು, ಎರಡು ವರ್ಷದ ಗಂಡುಕೂಸು ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದಳು. ಅಮ್ಮನಿಗೆ ಯಾರೋ ಜೋಡೆತ್ತು ಎಂದು ಹೇಳಿದ್ದರು. ಅಜ್ಜಿಯನ್ನು ಕೇಳಿದರೆ ಅವಳು ವಿಭೂತಿ ಗಟ್ಟಿಯನ್ನು ಕೈಗೆತ್ತಿಕೊಂಡು, ಹೋಗೇ ಅತ್ಲಾಗೆ, ಪೂಜೆ ಹೊತ್ತಲ್ಲಿ ಏನು ಮಾತು ಎಂದು ಗದರುತ್ತಿದ್ದಳು. ಪೂಜೆಯ ಹೊತ್ತಲ್ಲದಾಗ ಕೇಳಿದರೂ ಅದೇ ಉತ್ತರ. ಮಠದಿಂದ ಬರುವ ಅಯ್ಯನವರು, ಸೂತಕ ಪಾತಕ ಅಂತ ನಮ್ಮಲ್ಲಿ ಇಲ್ಲ ಕಣಮ್ಮ, ಮಾಡಿಕೊಂಡು ತಿನ್ನಿ ಎಂದು ಒಮ್ಮೆ ಹೇಳಿಯೂ ಇದ್ದರು. ಅಜ್ಜಿ ಅವರಿಗೆ ಇನ್ನೊಂದು ಲೋಟ ಹಾಲು ಕೊಟ್ಟು ಮಾತು ಮುಗಿಸಿದ್ದಳು.

ಇಂಥ ಮನೆಗೆ ಅಪ್ಪನ ತಮ್ಮನ ಹೆಂಡತಿಯಾಗಿ ಮಂಗಳ ಚಿಕ್ಕಮ್ಮ ಬಂದಳು. ಅವಳ ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಇಪ್ಪತ್ತು ಇಪ್ಪತ್ತೊಂದು ವಯಸ್ಸಿರಬೇಕು, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ನನ್ನನ್ನು ಮಾತ್ರ ಗೆಳತಿಯ ಹಾಗೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಮದುವೆಯಾದ ವರ್ಷದ ಮೊದಲ ದೀಪಾವಳಿಗೆ ಅಳಿಯ ಹೆಣ್ಣಿನ ಮನೆಗೆ ಹೋಗಬೇಕಲ್ಲ, ಹಾಗೆ ಇಬ್ಬರೂ ಬಸ್ತಿಹಳ್ಳಿಗೆ ಹೋಗಿಬಂದರು. ಬಂದ ಮೇಲೆ ಚಿಕ್ಕಪ್ಪನದು ಒಂದೇ ರಾಗ: ಬಸ್ತಿಹಳ್ಳಿಯ ಕಜ್ಜಾಯ. ಎಷ್ಟು ಮೆತ್ತಗೆ, ಎಷ್ಟು ದಿನ ಇಟ್ಟರೂ ಹಾಗೇ ಇರುತ್ತದೆ, ಪಾಕ ತೆಗೆದಿದ್ದು ಇವಳೇ ಅಂತೆ. ಅಜ್ಜಿಯ ಮುಂದೆ ಹೇಳುತ್ತಿರಲಿಲ್ಲ, ನನ್ನ ಮುಂದೆ ಹೇಳಿ ಬಾಯಲ್ಲಿ ನೀರು ತರಿಸುತ್ತಿದ್ದ. ಹಬ್ಬದಲ್ಲಿ ಚಿಕ್ಕಮ್ಮ ಇಲ್ಲಿರಲಿಲ್ಲವಾದ್ದರಿಂದ ಆಗಿಬರುವ, ಆಗಿಬಾರದ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಕಾರ್ತಿಕದಲ್ಲಿ ಒಂದು ದಿನ ಅಜ್ಜಿ, ಅಪ್ಪ, ಅಮ್ಮ ಮೂವರೂ ಮಠದ ಪೂಜೆಗೆಂದು ಹೊರಟರು. ಮಾರನೆಯ ದಿನ ಸಂಜೆಗೆ ವಾಪಸು. ನನಗೆ ಸ್ಕೂಲಿದ್ದುದರಿಂದ ಚಿಕ್ಕಮ್ಮನ ಜೊತೆಯಲ್ಲಿ ಬಿಟ್ಟರು. ಅವರು ಬೀದಿ ದಾಟಿದ್ದೇ ತಡ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು, ನಿಮ್ಮ ಚಿಕ್ಕಪ್ಪನಿಗೆ ಗೊತ್ತಾಗದ ಹಾಗೆ ಕಜ್ಜಾಯ ಮಾಡೋಣವಾ ಎಂದಳು. ನಾನು ಬೀದಿಯ ಕಡೆ ಒಮ್ಮೆ ಇಣುಕಿದ್ದನ್ನು ನೋಡಿ ಅವಳಿಗೂ ಅನುಮಾನ ಬಂದಿರಬೇಕು.

“ಉಮಿ, ಕೇಳ್ದೆ ಮಾಡಿದ್ರೆ ನಿಮ್ಮಜ್ಜಿ ಏನಾರ ಅಂತಾರೇನೇ?”

“ಯಾರೂ ಏನೂ ಅನ್ನಲ್ಲ ಚಿಕ್ಕಮ್ಮ. ಅಜ್ಜಿಗೂ ಕಜ್ಜಾಯ ಅಂದ್ರೆ ಇಷ್ಟ.”

ಎರಡನೆಯ ಮಾತು ನಿಜವೇ. ಮೊದಲನೆಯದು ಅಪ್ಪಟ ಸುಳ್ಳು. ಹೇಳುವಾಗ ನನಗೆ ಸ್ವಲ್ಪವೂ ಅಳುಕಾಗಲಿಲ್ಲ, ಈಗಲೂ ಅದೇ ನನಗೆ ಆಶ್ಚರ್ಯ. ಸತ್ತ ಕೂಸೂ ನೆನಪಾಗಲಿಲ್ಲ, ಜೋಡೆತ್ತೂ ನೆನಪಾಗಲಿಲ್ಲ. ಡಬ್ಬಿ ತುಂಬ ಕಜ್ಜಾಯ, ಅದರಲ್ಲಿ ನನಗೆ ಎಷ್ಟು ಬೇಕಾದರೂ, ಇಷ್ಟೇ ತಲೆಯಲ್ಲಿ.

ಚಿಕ್ಕಮ್ಮ ಅಕ್ಕಿ ನೆನೆಹಾಕಿ, ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿದಳು. ಅಕ್ಕಿ ಪೂರ್ತಿ ಒಣಗಬಾರದು, ಮುಟ್ಟಿದರೆ ಕೈಗೆ ತಣ್ಣಗೆ ಹತ್ತಬೇಕು ಎಂದು ತೋರಿಸಿದಳು. ಒರಳಿಗೆ ಹಾಕಿ ಕುಟ್ಟಿ, ಜರಡಿ ಹಿಡಿದು, ಹಿಟ್ಟು ಆರದ ಹಾಗೆ ಪಾತ್ರೆಗೆ ಒತ್ತಿ ಮುಚ್ಚಿಟ್ಟಳು. ಆಮೇಲೆ ಬೆಲ್ಲದ ಪಾಕ. ಪಕ್ಕದಲ್ಲಿ ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಒಂದೊಂದು ತೊಟ್ಟು ಪಾಕ ಬಿಟ್ಟು ನೋಡುತ್ತಿದ್ದಳು. ಮೊದಲು ನೀರಲ್ಲಿ ಕರಗಿಹೋಯಿತು, ಆಮೇಲೆ ಎಳೆಯಾಯಿತು, ಕೊನೆಗೆ ಬೆರಳಲ್ಲಿ ಉರುಳಿಸಿದರೆ ಮೆತ್ತನೆಯ ಉಂಡೆಯಾಯಿತು. ಆ ಗಳಿಗೆಯಲ್ಲೇ ಇಳಿಸಬೇಕಂತೆ. ಮೊದಲೇ ಇಳಿಸಿದರೆ ಕಜ್ಜಾಯ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಆಮೇಲೆ ಇಳಿಸಿದರೆ ಕಲ್ಲಾಗುತ್ತದೆ. ಹಿಟ್ಟು, ಗಸಗಸೆ, ಏಲಕ್ಕಿ ಬೆರೆಸಿ, ಮೇಲೆ ತುಪ್ಪ ಸವರಿ ಒಂದು ರಾತ್ರಿ ಹಾಗೇ ಬಿಟ್ಟಳು. ಬೆಳಗ್ಗೆ ಬಾಳೆಲೆಯ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟರೆ ಒಂದೊಂದೂ ಉಬ್ಬಿ ಮೇಲೆ ಬಂತು. ನಾನು ಸ್ಕೂಲಿಗೆ ಹೋಗುವುದರೊಳಗೆ ನಾಲ್ಕು ತಿಂದಿದ್ದೆ.

ಮಧ್ಯಾಹ್ನ ನಾನು ಬರುವ ಹೊತ್ತಿಗೆ ಚಿಕ್ಕಪ್ಪ ಮಂಡಿಯಿಂದ ಊಟಕ್ಕೆ ಬಂದಿದ್ದ. ತಟ್ಟೆಯಲ್ಲಿ ಕಜ್ಜಾಯ ಕಂಡವನೇ ಒಮ್ಮೆ ಬಾಗಿಲ ಕಡೆ ನೋಡಿದ. ಅವನಿಗೆ ಗೊತ್ತಿಲ್ಲದ ವಿಷಯವೇ? ಆದರೂ ಹೆಂಡತಿಯ ಮುಖ ನೋಡಿ ಏನೂ ಹೇಳದೆ ಕೂತ, ಒಂದರ ಮೇಲೊಂದು ತಿಂದ. ಅವ್ವ ಬರೋದರೊಳಗೆ ಡಬ್ಬಿ ಖಾಲಿ ಮಾಡಬೇಕು ಕಣೇ ಎಂದು ನನ್ನ ಕಿವಿಯಲ್ಲಿ ಹೇಳಿದ. ಊಟ ಮುಗಿಸಿ ಕಾಯಿ ತಿರುವಿಹಾಕಲು ಅಟ್ಟ ಹತ್ತಿದ. ಐದು ನಿಮಿಷಕ್ಕೆ ಹಲಗೆ ಮುರಿದ ಶಬ್ದ, ಅದರ ಹಿಂದೆ ದಬದಬನೆ ಕಾಯಿ ಉರುಳಿದ ಶಬ್ದ. ನಡುಮನೆಗೆ ಓಡಿದರೆ ಚಿಕ್ಕಪ್ಪ ಕಾಯಿಗಳ ನಡುವೆ ಬಿದ್ದಿದ್ದ, ಬಲಗಾಲು ತೊಡೆಯ ಹತ್ತಿರ ತಿರುಚಿಕೊಂಡಿತ್ತು. ಅಯ್ಯೋ ಶಿವನೇ, ಆ ಕಾಲನ್ನು ನೋಡಿದ ಮೇಲೆ ನನಗೆ ಎಲ್ಲ ಒಟ್ಟಿಗೇ ನೆನಪಾಯಿತು, ಕೂಸು, ಎತ್ತು, ಮುತ್ತಜ್ಜನ ತಮ್ಮ, ಎಲ್ಲರೂ. ತಿಂದ ನಾಲ್ಕೂ ಕಜ್ಜಾಯ ಹಿತ್ತಲಲ್ಲಿ ವಾಂತಿಯಾಯಿತು.

ಅಕ್ಕಪಕ್ಕದವರು ಸೇರಿ ಆಸ್ಪತ್ರೆಗೆ ಸಾಗಿಸಿದರು. ಮೂರನೆಯ ದಿನ ಕಾಲಿಗೆ ದಪ್ಪ ಪ್ಲಾಸ್ಟರು ಹಾಕಿಸಿಕೊಂಡು ಚಿಕ್ಕಪ್ಪ ಮನೆಗೆ ಬಂದ. ನಾಲ್ಕನೆಯ ದಿನ ಗಿರಿಜತ್ತೆ ಬಾಣಾವರದಿಂದ ರೈಲಿಗೆ ಬಂದಿಳಿದಳು. ತಮ್ಮನಿಗೆ ಗಂಜಿ ಕಾಯಿಸಲು ಅಡುಗೆಮನೆಗೆ ಹೋದವಳ ಕೈಗೆ ಕಜ್ಜಾಯದ ಡಬ್ಬಿ ಸಿಕ್ಕಿತು. ಅವಳು ಕೂಗಾಡಿದ್ದರೆ ವಾಸಿಯಿತ್ತು. ಡಬ್ಬಿಯನ್ನು ತಂದು ನಡುಮನೆಯ ಮಧ್ಯೆ ಇಟ್ಟು ಸುಮ್ಮನೆ ಕೂತಳು. ಎಲ್ಲರೂ ಬಂದು ಆ ಡಬ್ಬಿಯನ್ನು ನೋಡಿದರು. ಅಟ್ಟದ ಆ ಹಲಗೆ ಗೆದ್ದಲು ಹಿಡಿದಿದೆ ಎಂದು ಅಮ್ಮ ಮಳೆಗಾಲದಿಂದ ಅಪ್ಪನಿಗೆ ಹೇಳುತ್ತಲೇ ಇದ್ದಳು. ಇವತ್ತು ಬದಲಾಯಿಸುತ್ತೇನೆ, ನಾಳೆ ಬದಲಾಯಿಸುತ್ತೇನೆ ಎಂದಿದ್ದ ಅಪ್ಪ ಈಗ ಹಲಗೆಯ ಮಾತೇ ಎತ್ತಲಿಲ್ಲ. ಅವರಿಗೂ ಕಜ್ಜಾಯ ಸಿಕ್ಕಿದ್ದು ಅನುಕೂಲವಾಯಿತು ಎಂದು ಈಗ ನನಗೆ ಅನಿಸುತ್ತದೆ. ಅಪ್ಪನ ಮೇಲೆ ನನಗೇನೂ ಕೋಪವಿಲ್ಲ, ನಾನೂ ಹಾಗೇ ಬಾಯಿ ಮುಚ್ಚಿಕೊಂಡಿದ್ದವಳು.

ಗಿರಿಜತ್ತೆ ಕೆಟ್ಟವಳಲ್ಲ. ಚಿಕ್ಕಪ್ಪನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು, ತಮ್ಮ ಕುಂಟನಾಗುತ್ತಾನೆಂಬ ಭಯಕ್ಕೆ ಅವಳ ಬುದ್ಧಿ ಕೆಟ್ಟಿತ್ತು. ಯಾರು ಹೇಳಿದರು ನಿನಗೆ ಬಾಣಲೆ ಇಡು ಅಂತ ಎಂದು ಚಿಕ್ಕಮ್ಮನನ್ನು ಕೇಳಿದಳು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಚಿಕ್ಕಮ್ಮ ನನ್ನ ಕಡೆ ತಿರುಗಿಯೂ ನೋಡದೆ, ಯಾರೂ ಹೇಳಲಿಲ್ಲ, ನಾನೇ ಮಾಡಿದೆ ಎಂದಳು. ಒಳಗಿನಿಂದ ಚಿಕ್ಕಪ್ಪ, ತಿಂದಿದ್ದು ನಾನು ಕಣಕ್ಕ ಎಂದು ಸಣ್ಣ ದನಿಯಲ್ಲಿ ಅಂದ. ಇಟ್ಟರೆ ತಿನ್ನುತ್ತೀಯ, ನಿನಗೇನು ಗೊತ್ತು ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಕಾಲು ಸರಿಹೋಗುವವರೆಗೆ ಇವಳು ತವರಲ್ಲಿರಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ಆಮೇಲೆ ನೋಡೋಣ ಎಂದು ಕಳಿಸಿದ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೇ ಇಬ್ಬರಿದ್ದರು. ಒಬ್ಬಳೂ ಗಂಡನ ಮನೆಗೆ ವಾಪಸು ಹೋಗಿರಲಿಲ್ಲ. ಚಿಕ್ಕಮ್ಮ ಅಳಲಿಲ್ಲ. ಕೋಣೆಗೆ ಹೋಗಿ ಸೀರೆಗಳನ್ನು ಮಡಿಸತೊಡಗಿದಳು. ಅಷ್ಟೂ ದಿನ ಅಜ್ಜಿ ಬಾಯಿ ಬಿಡಲಿಲ್ಲ. ಪೂಜೆಗೆ ಕೂತರೆ ಏಳುತ್ತಿರಲಿಲ್ಲ, ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದವಳು, ಹೇಳಿಬಿಡಬೇಕು ಎಂದುಕೊಂಡು ಗೋಡೆಯ ಕಡೆ ಹೊರಳುತ್ತಿದ್ದೆ.

ಏಳನೆಯ ದಿನ ಮಧ್ಯಾಹ್ನ ಚಿಕ್ಕಮ್ಮನ ಅಪ್ಪ ಬಂದರು. ನಾನು ಅವರನ್ನು ಬಸ್ತಿಹಳ್ಳಿಯ ತಾತ ಎನ್ನುತ್ತಿದ್ದೆ. ಮಗಳನ್ನು ಕರೆದುಕೊಂಡು ಹೋಗಿ ಎಂದು ಅಪ್ಪ ಬರೆದ ಕಾಗದ ಸೇರಿದ್ದೇ ಹೊರಟು ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ಅಳಿಯನ ಕಾಲನ್ನು ನೋಡಿ, ಪಡಸಾಲೆಯ ಬೆಂಚಿನ ತುದಿಯಲ್ಲಿ ಟವಲನ್ನು ಮಡಿಸುತ್ತ ಬಿಚ್ಚುತ್ತ ಕೂತರು. ಊಟಕ್ಕೆ ಕೂರಿಸಿದರೆ ಮುದ್ದೆ ಮುರಿಯದೆ ತಟ್ಟೆಯನ್ನೇ ನೋಡುತ್ತಿದ್ದರು. ಬಡಿಸುತ್ತಿದ್ದ ಅಮ್ಮ ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ಆಗ ಅಜ್ಜಿ ಗೋಡೆ ಹಿಡಿದು ಬಂದು ಅವರ ಎದುರಿಗೇ ಕೂತಳು.

“ಉಣ್ಣಿ ಬೀಗ್ರೇ. ನಿಮ್ ಮಗಳು ಎಲ್ಲಿಗೂ ಬರಲ್ಲ. ಕಜ್ಜಾಯ ಈ ಮನೆಗೆ ಆಗಿಬರಲ್ಲ ಅಂತ ಹುಟ್ಟಿಸಿದೋಳು ನಾನು. ಬಾಣಲೆ ಇಟ್ಟು ಯಾರೂ ಸತ್ತಿಲ್ಲ. ನಂಗೆ ಪಾಕ ಬರಲ್ಲ, ಅಷ್ಟೇಯ.”

ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿ ನೆಲ ನೋಡುತ್ತ ನಿಧಾನವಾಗಿ ಹೇಳುತ್ತ ಹೋದಳು. ಮದುವೆಯಾಗಿ ಬಂದಾಗ ಅವಳಿಗೆ ಹದಿನಾಲ್ಕು. ಮೊದಲ ಸಲ ಕಜ್ಜಾಯ ಮಾಡು ಎಂದು ಅವಳ ಅತ್ತೆ, ಅಂದರೆ ನಮ್ಮ ಮುತ್ತಜ್ಜಿ, ಒಲೆಯ ಮುಂದೆ ಕೂರಿಸಿದಳಂತೆ. ಎಣ್ಣೆಗೆ ಬಿಟ್ಟಿದ್ದೇ ಎಲ್ಲವೂ ಬಿಚ್ಚಿಕೊಂಡು ಹೋಯಿತು. ಹಬ್ಬಕ್ಕೆ ಬಂದ ನೆಂಟರ ಮುಂದೆ ಮುತ್ತಜ್ಜಿ, ಈ ಹುಡುಗಿಯ ಕೈಯೇ ಸರಿಯಿಲ್ಲ, ಇವಳು ಮುಟ್ಟಿದ್ದು ಏಳಿಗೆಯಾಗಲ್ಲ ಎಂದುಬಿಟ್ಟಳು. ಆಮೇಲೆ ಒಂದು ವರ್ಷ ಅಜ್ಜಿಗೆ ಉಪ್ಪಿನಕಾಯಿ ಜಾಡಿ ಮುಟ್ಟಲು, ಬೀಜದ ಕಾಳು ಅಳೆಯಲು ಬಿಡಲಿಲ್ಲ. ಮರುವರ್ಷ ಹಬ್ಬಕ್ಕೆ ಮುಂಚೆಯೇ ಮುತ್ತಜ್ಜಿ ಜ್ವರ ಬಂದು ತೀರಿಕೊಂಡಳು. ಅದರ ಮುಂದಿನ ದೀಪಾವಳಿಗೆ ನಮ್ಮ ತಾತ ಕಜ್ಜಾಯ ಮಾಡು ಎಂದಾಗ ಅಜ್ಜಿಗೆ ಆ ನೆಂಟರ ಮುಖಗಳೇ ಕಣ್ಣ ಮುಂದೆ ಬಂದವಂತೆ. ಕಜ್ಜಾಯ ಈ ಮನೆಗೆ ಆಗಿಬರಲ್ಲ ಅಂತ ಅತ್ತೆ ಸಾಯುವಾಗ ಹೇಳಿಹೋದರು ಎಂದು ಬಾಯಿಗೆ ಬಂದಿದ್ದು ಹೇಳಿದಳು. ತಾತ ನಂಬಿದರು. ಕೂಸು, ಎತ್ತು ಎಲ್ಲವೂ ಆಮೇಲೆ ತಾವಾಗಿಯೇ ಸೇರಿಕೊಂಡವು.

ಗಿರಿಜತ್ತೆ ಮಾತ್ರ ಒಪ್ಪಲಿಲ್ಲ. ಸೊಸೆಯನ್ನು ಉಳಿಸಿಕೊಳ್ಳಲು ನಮ್ಮವ್ವ ಕಥೆ ಕಟ್ಟುತ್ತಿದ್ದಾಳೆ, ಹಬ್ಬದ ಅಡುಗೆಯನ್ನೆಲ್ಲ ಒಬ್ಬಳೇ ಮಾಡಿದವಳಿಗೆ ಕಜ್ಜಾಯ ಬರಲ್ಲ ಅಂದರೆ ಯಾರು ನಂಬುತ್ತಾರೆ ಎಂದಳು. ಅಜ್ಜಿ ಮಗಳನ್ನು ದಿಟ್ಟಿಸಿ ನೋಡಿದಳು.

“ಸುಳ್ಳು ಹೇಳಿದ್ದು ಆವಾಗ ಕಣೇ, ಈಗಲ್ಲ. ಮಂಗಳ, ಅಕ್ಕಿ ನೆನೆಹಾಕು. ಬೀಗ್ರೇ, ನಾಳೆ ಒಂದು ದಿನ ನಿಲ್ಲಿ.”

ಮಾರನೆಯ ದಿನ ಬೆಳಗ್ಗೆ ಅಜ್ಜಿ ಒಲೆಯ ಮುಂದೆ ಕೂತಳು. ಅಡುಗೆಮನೆಯ ಒಂದು ಮೂಲೆಯಲ್ಲಿ ಅಮ್ಮ ಮತ್ತು ನಾನು, ಇನ್ನೊಂದು ಮೂಲೆಯಲ್ಲಿ ಚಿಕ್ಕಮ್ಮ, ಅಜ್ಜಿಯ ಪಕ್ಕದಲ್ಲೇ ಗಿರಿಜತ್ತೆ, ಬಾಗಿಲಲ್ಲಿ ಅಪ್ಪ ಮತ್ತು ಬಸ್ತಿಹಳ್ಳಿಯ ತಾತ. ಯಾರೂ ಬಾಯಿ ಹಾಕಕೂಡದು ಎಂದು ಅಜ್ಜಿಯ ಆಜ್ಞೆಯಾಗಿತ್ತು. ಬೆಲ್ಲ ಕರಗಿ ಕುದಿಯಿತು. ಅಜ್ಜಿ ಬಟ್ಟಲ ನೀರಿಗೆ ಪಾಕ ಬಿಟ್ಟು ಬೆರಳಾಡಿಸಿದಳು, ಅದು ಬರೀ ಎಳೆಯಾಗಿತ್ತು, ಉಂಡೆಯಾಗಿರಲಿಲ್ಲ. ನನಗೇ ಗೊತ್ತಾಗುತ್ತಿತ್ತು. ಚಿಕ್ಕಮ್ಮ ಸೆರಗನ್ನು ಬೆರಳಿಗೆ ಸುತ್ತಿ ಬಿಗಿ ಹಿಡಿದಿದ್ದಳು, ಇನ್ನೊಂಚೂರು ಬಿಡಿ ಎನ್ನುವ ಮಾತು ಅವಳ ತುಟಿಯ ತನಕ ಬಂದಿತ್ತು. ಪಾಕ ಕಲ್ಲಾಗಿಬಿಟ್ಟೀತು ಎಂಬ ಹೆದರಿಕೆ ಅಜ್ಜಿಯ ಮುಖದಲ್ಲಿ ಹದಿನಾಲ್ಕು ವರ್ಷದ ಹುಡುಗಿಗೆ ಇರುವಷ್ಟೇ ಇತ್ತು. ಗಡಿಬಿಡಿಯಲ್ಲಿ ಇಳಿಸಿಯೇಬಿಟ್ಟಳು. ಹಿಟ್ಟು ಬೆರೆಸಿ, ಮಧ್ಯಾಹ್ನದವರೆಗೆ ಬಿಟ್ಟು, ಬಾಳೆಲೆಯ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟಳು.

ಕಜ್ಜಾಯ ಒಂದು ಗಳಿಗೆ ದುಂಡಗೆ ಇತ್ತು. ಆಮೇಲೆ ಅಂಚಿನಿಂದ ಬಿಚ್ಚಿಕೊಂಡು, ನೊರೆಯೆದ್ದು, ಬಾಣಲೆಯ ತುಂಬ ಚೂರುಚೂರಾಗಿ ಹರಡಿತು. ಅಜ್ಜಿ ಜಾಲರಿಯಲ್ಲಿ ಅದನ್ನು ಬಳಿದು ತಟ್ಟೆಗೆ ಹಾಕಿ ಎರಡನೆಯದನ್ನು ಬಿಟ್ಟಳು. ಅದೂ ಹಾಗೇ ಆಯಿತು. ಮೂರನೆಯದೂ ಹಾಗೇ. ಸುಟ್ಟ ಬೆಲ್ಲದ ವಾಸನೆ ಮನೆ ತುಂಬಿತು. ಬೀಗರ ಮುಂದೆ, ಮಗನ ಮುಂದೆ, ಸೊಸೆಯರ ಮುಂದೆ ಆ ಕರಿ ಚೂರುಗಳ ತಟ್ಟೆಯನ್ನು ಅಜ್ಜಿ ಗಿರಿಜತ್ತೆಯ ಕಡೆ ತಳ್ಳಿದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಗಿರಿಜತ್ತೆ ಬಾಣಲೆಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಗೆದ್ದಲು ತಿಂದ ಹಲಗೆ ಮುರಿದದ್ದಕ್ಕೆ ಈ ಹುಡುಗಿ ಏನು ಮಾಡಬೇಕು ಎಂದು ಅಮ್ಮ ಮೆಲ್ಲಗೆ ಅಂದಳು. ಅಪ್ಪ ತಲೆ ತಗ್ಗಿಸಿದರು. ಇಷ್ಟಾದರೂ ಅತ್ತೆಯ ಸಂಕಟ ಇಳಿಯಲಿಲ್ಲ.

“ಆಯ್ತವ್ವ, ಒಪ್ಕೊಂಡೆ. ಆದ್ರೆ ಹಿರೇರು ಇಲ್ದಾಗ ಇವ್ಳು ಯಾರ್ನ ಕೇಳಿ ಮಾಡಿದ್ಲು? ಇವತ್ತು ಕದ್ದು ಕಜ್ಜಾಯ ಮಾಡ್ದೋಳು ನಾಳೆ ಇನ್ನೇನು ಮಾಡಲ್ಲ? ನಂಬ್ಕೆ ಹೆಂಗೆ ಇಕ್ಕೋದು?”

ಬಸ್ತಿಹಳ್ಳಿಯ ತಾತನ ಮುಖ ಕಪ್ಪಿಟ್ಟಿತು. ಕದ್ದು ಎಂಬ ಮಾತು ಅವರಿಗೆ ತಡೆಯಲಾಗಲಿಲ್ಲ. ಹೋಗು, ನಿನ್ನ ಟ್ರಂಕು ತಗೊಂಡು ಬಾ ಎಂದು ಮಗಳಿಗೆ ಹೇಳಿದರು. ಚಿಕ್ಕಮ್ಮ ಎದ್ದಳು. ಈಗಲಾದರೂ ನನ್ನ ಹೆಸರು ಹೇಳುತ್ತಾಳೆ ಎಂದು ನಾನು ಕಾದೆ. ಹೇಳಿದರೆ ಹೇಳಲಿ ಎಂದುಕೊಂಡೆ. ಅವಳು ಹೇಳದೆ ನನ್ನ ಪಕ್ಕದಲ್ಲೇ ಹಾದು ಹೋಗುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಎಳೆದೆ.

“ಚಿಕ್ಕಮ್ಮ ನನ್ನ ಕೇಳಿದ್ರು ಅತ್ತೆ. ಅಜ್ಜಿ ಏನಾರ ಅಂತಾರಾ ಅಂತ ಕೇಳಿದ್ರು. ಯಾರೂ ಏನೂ ಅನ್ನಲ್ಲ ಅಂತ ನಾನೇ ಹೇಳ್ದೆ. ಮಾಡಬಾರ್ದು ಅಂತ ನಂಗೆ ಗೊತ್ತಿತ್ತು. ತಿನ್ನಬೇಕು ಅನ್ನಿಸಿತ್ತು.”

ಹೇಳಿ ಮುಗಿಸುವಷ್ಟರಲ್ಲಿ ಅಮ್ಮನ ಕೈ ಎದ್ದಿತ್ತು. ಎಂಟು ದಿನ ಅವಳನ್ನು ಬೇಯಿಸಿದೆಯಲ್ಲೇ ಎಂದು ಅಮ್ಮ ಕೂಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ಎದ್ದು ಬಂದು ಅಮ್ಮನ ಮೊಣಕೈ ಹಿಡಿದುಕೊಂಡಿದ್ದಳು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಬಿಡೇ, ಹೊಡೀಬ್ಯಾಡ. ನಾನು ನಲವತ್ತು ವರ್ಸ ಇಟ್ಕೊಂಡಿದ್ದೆ. ಇವ್ಳು ಎಂಟೇ ದಿನಕ್ಕೆ ಹೇಳವ್ಳೆ.”

ಗಿರಿಜತ್ತೆ ಎದ್ದು ಹೋಗಿ ಚಿಕ್ಕಮ್ಮನ ಕೈ ಹಿಡಿದು ಕರೆತಂದು ಒಲೆಯ ಮುಂದೆ ಕೂರಿಸಿದಳು. ಅಜ್ಜಿ ತನ್ನ ಜಾಗ ಬಿಟ್ಟುಕೊಟ್ಟು, ಜಾಲರಿಯನ್ನು ಅವಳ ಕೈಗೆ ಕೊಟ್ಟಳು. ಚಿಕ್ಕಮ್ಮ ಉಳಿದ ಹಿಟ್ಟಿಗೆ ಇನ್ನೆರಡು ಹಿಡಿ ಅಕ್ಕಿಹಿಟ್ಟು ಸೇರಿಸಿ ನಾದುತ್ತ ನಾದುತ್ತ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ಬಸ್ತಿಹಳ್ಳಿಯ ತಾತ ಸಂಜೆಯ ಬಸ್ಸಿಗೆ ಒಬ್ಬರೇ ಹೋದರು.